ಸ್ವಂತ ಪ್ಲಾಟ್‌ಫಾರ್ಮ್, ದಿಂಬಂ ಮಾದರಿ: ನಡೆಸುವವರ ಕೈಪಿಡಿ

ಬಳಸುವ ಮುನ್ನ ಓದತಕ್ಕದ್ದು

ಕಂಪನಿಯ ಒಳಗೇ ಕೂತು ಕಂಪನಿಗಾಗಿಯೇ ಆಪ್ ಬರೆಯುವ ಡೆವಲಪರ್‌ಗಳಿಗೆ ಸ್ವಂತ ಪ್ಲಾಟ್‌ಫಾರ್ಮ್ ನಡೆಸಿಕೊಡುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದ್ದರೆ ಈ ಕೈಪಿಡಿ ನಿಮಗೆ. ಆ ಕೆಲಸ ನೀವೇ ಕೇಳಿ ಪಡೆದಿದ್ದೋ, ಮೀಟಿಂಗಿನಲ್ಲಿ ಉಳಿದವರೆಲ್ಲ ತಲೆ ತಗ್ಗಿಸಿದಾಗ ನೀವೊಬ್ಬರು ತಲೆ ಎತ್ತಿದ್ದರಿಂದ ಬಂದಿದ್ದೋ, ಎರಡಕ್ಕೂ ವಿಧಾನ ಒಂದೇ.

ಪ್ಲಾಟ್‌ಫಾರ್ಮ್ ಎಂದರೆ ಏನೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದಕ್ಕೆ ದುಡ್ಡು ಮಂಜೂರು ಮಾಡಿದವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಡೆವಲಪರ್ ತನ್ನ ಕೋಡನ್ನು ಒಂದು ಆಜ್ಞೆಯಲ್ಲಿ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾನೆ. ಅದನ್ನು ಬಿಲ್ಡ್ ಮಾಡುವುದು, ಸರ್ವರ್ ಮೇಲೆ ಕೂರಿಸುವುದು, ಒಂದು ವಿಳಾಸ ಕೊಡುವುದು, ಡೇಟಾಬೇಸ್ ಜೋಡಿಸುವುದು, ಬಿದ್ದರೆ ಎಬ್ಬಿಸುವುದು, ಏಕೆ ಬಿತ್ತೆಂದು ಕೇಳಿದರೆ ಲಾಗ್ ತೋರಿಸುವುದು, ಇಷ್ಟೂ ಪ್ಲಾಟ್‌ಫಾರ್ಮಿನ ಕೆಲಸ. 2007ರಲ್ಲಿ ಹುಟ್ಟಿದ ಹೆರೋಕು ಎಂಬ ಕಂಪನಿ ಈ ಇಡೀ ಸಂಸಾರವನ್ನು ‘ಗಿಟ್ ಪುಶ್’ ಎಂಬ ಎರಡು ಮಾತಿಗೆ ಇಳಿಸಿತು. ಮರುವರ್ಷ ಗೂಗಲ್ ತನ್ನ ಆಪ್ ಎಂಜಿನ್ ತಂದಿತು. ಅಲ್ಲಿಂದೀಚೆಗೆ ‘ನಮ್ಮದೂ ಒಂದು ಇರಲಿ’ ಎಂದು ಅನ್ನಿಸದ ಕಂಪನಿಯೇ ಇಲ್ಲ.

ಮಾದರಿಗೆ ನಾವು ಆರಿಸಿಕೊಂಡಿರುವುದು ದಿಂಬಂ ಘಾಟಿಯನ್ನು. ಕ್ಯಾಲಿಫೋರ್ನಿಯಾ ಬಿಟ್ಟು ಈರೋಡ್ ಜಿಲ್ಲೆಯ ಬೆಟ್ಟಕ್ಕೇಕೆ ಬಂದಿರಿ ಎಂದರೆ ಉತ್ತರ ಇಷ್ಟೇ: ಇದು ಈಗಾಗಲೇ ನಡೆಯುತ್ತಿದೆ. ಬೆಂಗಳೂರು–ಕೊಯಮತ್ತೂರು ಹೆದ್ದಾರಿ ಚಾಮರಾಜನಗರ ದಾಟಿ, ಪುಣಜನೂರಿನ ಕಾಡು ಹೊಕ್ಕು, ಕಾರಪಳ್ಳಂ ಚೆಕ್‌ಪೋಸ್ಟು, ಹಾಸನೂರು ಕಳೆದು ದಿಂಬಂನಲ್ಲಿ ಬೆಟ್ಟದ ಅಂಚಿಗೆ ಬರುತ್ತದೆ. ಅಲ್ಲಿಂದ 27 ಹೇರ್‌ಪಿನ್ ತಿರುವು ಇಳಿದರೆ ಬಣ್ಣಾರಿ ಅಮ್ಮನ ಗುಡಿ. ರಸ್ತೆ ಒಂದೇ. ಕಬ್ಬಿನ ಲಾರಿ, ಹಾಲಿನ ವ್ಯಾನು, ಎರಡು ರಾಜ್ಯಗಳ ಸರ್ಕಾರಿ ಬಸ್ಸು, ಹರಕೆ ತೀರಿಸಲು ಹೊರಟ ಟೆಂಪೊ, ಊಟಿ ಸಾಕಾಗಿ ಇತ್ತ ತಿರುಗಿದ ಬೆಂಗಳೂರಿನ ಕಾರು, ಎಲ್ಲಕ್ಕೂ ಅದೇ ಡಾಂಬರು. ಸಂಬಳದ ಆಪು, ಕ್ಯಾಂಟೀನ್ ಕೂಪನ್ನಿನ ಆಪು, ಮುಖ್ಯಸ್ಥರು ತಿಂಗಳಿಗೊಮ್ಮೆ ನೋಡುವ ಡ್ಯಾಶ್‌ಬೋರ್ಡು ಒಂದೇ ಸರ್ವರ್ ಗುಂಪಿನ ಮೇಲೆ ಓಡುವುದೂ ಹೀಗೇ. ಈ ಕೈಪಿಡಿಯ ಬಹುಪಾಲು ನಿಯಮಗಳು ಆ ಘಾಟಿಯಿಂದ ಕಡ ತಂದವು.

ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ

ಪೆಟ್ಟಿಗೆ ಬಿಚ್ಚಿದಾಗ ಸಿಗುವ ಸಾಮಾನು ನೀವು ಯಾವ ಕಾಲದಲ್ಲಿ ಕೊಂಡಿರಿ ಎನ್ನುವುದರ ಮೇಲೆ ನಿಂತಿದೆ. ಮೊದಮೊದಲೇ ಕೊಂಡಿದ್ದರೆ 2011ರಲ್ಲಿ ಹೊರಬಂದ ವಿಎಂವೇರ್‌ನ ಕ್ಲೌಡ್ ಫೌಂಡ್ರಿ ಅಥವಾ ರೆಡ್ ಹ್ಯಾಟ್‌ನ ಓಪನ್‌ಶಿಫ್ಟ್ ಸಿಕ್ಕಿರುತ್ತದೆ. 2013ರಲ್ಲಿ ಡಾಟ್‌ಕ್ಲೌಡ್ ಎಂಬ ಕಂಪನಿ ತನ್ನ ಪ್ಲಾಟ್‌ಫಾರ್ಮಿನ ಒಳಗಿದ್ದ, ಆಪನ್ನೂ ಅದಕ್ಕೆ ಬೇಕಾದ್ದನ್ನೂ ಒಂದೇ ಡಬ್ಬದಲ್ಲಿ ಕಟ್ಟುವ ಕಂಟೇನರ್ ಉಪಕರಣವನ್ನು ಡಾಕರ್ ಎಂಬ ಹೆಸರಿನಲ್ಲಿ ಹೊರಗೆ ಬಿಟ್ಟಿತು. ಪ್ಲಾಟ್‌ಫಾರ್ಮ್ ಮಾರಾಟವಾಗಿ ಹೋಯಿತು, ಉಪಕರಣ ಜಗತ್ತನ್ನೇ ಗೆದ್ದಿತು. ಈ ವ್ಯವಹಾರದಲ್ಲಿ ಅಂಗಡಿಗಿಂತ ಡಬ್ಬಕ್ಕೆ ಬೆಲೆ ಬಂದ ಉದಾಹರಣೆ ಅದು. ಅದೇ ವರ್ಷ ಜೆಫ್ ಲಿಂಡ್ಸೇ ಎಂಬಾತ ಸುಮಾರು ನೂರು ಸಾಲಿನ ಬ್ಯಾಷ್ ಸ್ಕ್ರಿಪ್ಟಿನಲ್ಲಿ ಡೊಕ್ಕು ಬರೆದು, ಪುಟಾಣಿ ಹೆರೋಕುವನ್ನು ಒಂದೇ ಸರ್ವರಿನಲ್ಲಿ ಕೂರಿಸಬಹುದೆಂದು ತೋರಿಸಿದ. 2014ರಲ್ಲಿ ಗೂಗಲ್, ಇಂಥ ಡಬ್ಬಗಳನ್ನು ಹಲವು ಸರ್ವರುಗಳ ಮೇಲೆ ಹಂಚಿ ಓಡಿಸುವ ಕುಬರ್ನೆಟೀಸ್ ಬಿಟ್ಟಿತು. ಆಮೇಲೆ ಬಂದ ಪೆಟ್ಟಿಗೆಗಳಲ್ಲಿ ಬಹುತೇಕ ಎಲ್ಲದರ ತಳದಲ್ಲೂ ಅದೇ ಇದೆ, ಮೇಲೆ ಯಾವ ಹೆಸರಿನ ಸ್ಟಿಕ್ಕರ್ ಇದ್ದರೂ.

ಪೆಟ್ಟಿಗೆಯಲ್ಲಿ ಇಲ್ಲದ್ದು ಒಂದೇ: ಅದನ್ನು ನೋಡಿಕೊಳ್ಳುವ ಜನ. ಕುಬರ್ನೆಟೀಸ್ ವರ್ಷಕ್ಕೆ ಮೂರು ಆವೃತ್ತಿ ಹೊರಡಿಸುತ್ತದೆ. ಒಂದೊಂದಕ್ಕೂ ಸುಮಾರು 14 ತಿಂಗಳಷ್ಟೇ ಆಸರೆ. ಎಂದರೆ ವರ್ಷಕ್ಕೊಮ್ಮೆಯಾದರೂ, ಓಡುತ್ತಿರುವ ಲಾರಿಯ ಚಕ್ರ ಬದಲಿಸುವ ಕೆಲಸ ಇದ್ದೇ ಇದೆ. ಅದನ್ನು ಕ್ಯೂಬ್‌ಅಡ್ಮಿನ್ ಎಂಬ ಉಪಕರಣ ಬಳಸಿ ಕೂರಿಸಿದ್ದರೆ ಒಳಗಿನ ಸರ್ಟಿಫಿಕೇಟುಗಳ ಆಯುಸ್ಸು ಒಂದು ವರ್ಷ. ಆವೃತ್ತಿ ಬದಲಿಸಿದಾಗ ಅವೂ ನವೀಕರಣವಾಗುತ್ತವೆ. ಬದಲಿಸದೆ ‘ಚೆನ್ನಾಗಿ ಓಡುತ್ತಿದೆಯಲ್ಲ, ಯಾಕೆ ಮುಟ್ಟಬೇಕು’ ಎಂದು ಕೂತವರಿಗೆ ಮೊದಲ ಹುಟ್ಟುಹಬ್ಬದ ದಿನ ಉಡುಗೊರೆ ಕಾದಿರುತ್ತದೆ.

ಲೈಸೆನ್ಸಿಗೆ ಕೋಟಿಗಟ್ಟಲೆ ಸುರಿದು, ನೋಡಿಕೊಳ್ಳಲು ಒಬ್ಬ ಎಂಜಿನಿಯರ್ ಮತ್ತು ಇನ್ನೊಬ್ಬನ ಅರ್ಧ ದಿನವನ್ನು ಕೊಡುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಆ ಅರ್ಧ ದಿನದವನು ರಾಜೀನಾಮೆ ಕೊಟ್ಟಾಗಲೇ ಅವನು ಪೂರ್ತಿ ದಿನ ದುಡಿಯುತ್ತಿದ್ದ ಎಂದು ಗೊತ್ತಾಗುವುದು.

ಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆ. ನಿಮಗೆ ಸ್ವಂತದ್ದೇ ಬೇಕೆ? ಬೇಕಾದವರು ಇದ್ದಾರೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಪಾವತಿಗಳ ಡೇಟಾವನ್ನು ದೇಶದೊಳಗೇ ಇಡಬೇಕೆಂದು ಹೇಳಿದ ಮೇಲೆ ಎಷ್ಟೋ ಸಂಸ್ಥೆಗಳು ತಮ್ಮ ಯಂತ್ರ ಎಲ್ಲಿದೆ ಎಂದು ಮೊದಲ ಸಲ ಹುಡುಕಿ ನೋಡಿದವು. ಸರ್ಕಾರಿ ಇಲಾಖೆಗಳಿಗಾಗಿ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) 2014ರಲ್ಲಿ ಮೇಘರಾಜ್ ಕ್ಲೌಡ್ ತೆರೆಯಿತು. ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನದೇ ಡೇಟಾ ಸೆಂಟರಿನಲ್ಲಿ ತನ್ನದೇ ಕ್ಲೌಡ್ ಕಟ್ಟಿಕೊಂಡಿತು. 2014ರ ಅಕ್ಟೋಬರ್ 6ರಂದು, ತನ್ನ ಮೊದಲ ಬಿಗ್ ಬಿಲಿಯನ್ ಡೇ ದಿನ, ಸೈಟು ಜನರ ಭಾರಕ್ಕೆ ಕುಸಿದು ಸ್ಥಾಪಕರಿಬ್ಬರೂ ಗ್ರಾಹಕರ ಕ್ಷಮೆ ಕೇಳಬೇಕಾಗಿ ಬಂದ ಕಂಪನಿ ಅದು. ಭಾರ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 37ಸಿಗ್ನಲ್ಸ್ ಎಂಬ ಅಮೆರಿಕದ ಕಂಪನಿ 2022ರಲ್ಲಿ ಬಾಡಿಗೆ ಕ್ಲೌಡಿನ ಬಿಲ್ಲು ನೋಡಿ ಬೇಸತ್ತು ಸ್ವಂತ ಸರ್ವರಿಗೆ ವಾಪಸಾಗಲು ತೀರ್ಮಾನಿಸಿತು. ಇವರಿಗೆಲ್ಲ ಕಾನೂನೋ ಗಾತ್ರವೋ ಬಿಲ್ಲೋ ಕಾರಣವಾಗಿತ್ತು. ನಿಮ್ಮ ಕಾರಣ ‘ಪಕ್ಕದ ಕಂಪನಿಯಲ್ಲಿ ಇದೆ’ ಎಂಬುದಾದರೆ ಪೆಟ್ಟಿಗೆಯನ್ನು ಮುಚ್ಚಿ, ರಸೀದಿ ಸಮೇತ ಹಿಂದಿರುಗಿಸತಕ್ಕದ್ದು.

ಜೋಡಣೆ: ಬಣ್ಣಾರಿ ನಿಯಮ

ಘಾಟಿಯ ಮೊದಲ ಪಾಠ ಬುಡದಲ್ಲಿದೆ. ಬಣ್ಣಾರಿ ಚೆಕ್‌ಪೋಸ್ಟಿನಲ್ಲಿ ಲಾರಿಯನ್ನು ನಿಲ್ಲಿಸುತ್ತಾರೆ. ಭಾರ ಎಷ್ಟು, ಚಕ್ರ ಎಷ್ಟು, ಹೊತ್ತೆಷ್ಟು ಎಂದು ನೋಡುತ್ತಾರೆ. ಆಗದೆಂದರೆ ಅಲ್ಲೇ ಆಗದು. ಡ್ರೈವರ್ ಬೈಯುತ್ತಾನೆ, ಟೀ ಕುಡಿಯುತ್ತಾನೆ, ಗಾಡಿ ತಿರುಗಿಸುತ್ತಾನೆ. ಅಲ್ಲಿ ತಿರುಗಿಸಲು ಜಾಗವಿದೆ. ಅದೇ ಮಾತನ್ನು ಇಪ್ಪತ್ತನೇ ತಿರುವಿನಲ್ಲಿ ಹೇಳಿದರೆ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಹಿಂದೆ ನಲವತ್ತು ಗಾಡಿ. ಆದ್ದರಿಂದ ನಿಯಮ: ಇಲ್ಲವೆನ್ನುವುದನ್ನು ಬಣ್ಣಾರಿಯಲ್ಲೇ ಹೇಳತಕ್ಕದ್ದು, ತಿರುವಿನಲ್ಲಿ ಹೇಳತಕ್ಕದ್ದಲ್ಲ.

ಬಹುತೇಕ ಪ್ಲಾಟ್‌ಫಾರ್ಮುಗಳು ತಿರುವಿನಲ್ಲೇ ಹೇಳುತ್ತವೆ. ಡೆವಲಪರ್ ಸಂಜೆ ನಾಲ್ಕಕ್ಕೆ ಪುಶ್ ಮಾಡುತ್ತಾನೆ. ‘ಬಿಲ್ಡ್ ಯಶಸ್ವಿ’ ಎಂದು ಹಸಿರು ಬರುತ್ತದೆ. ‘ಡೆಪ್ಲಾಯ್ ಆರಂಭವಾಗಿದೆ’ ಎಂದು ಇನ್ನೊಂದು ಹಸಿರು. ಅವನು ಕ್ಯಾಂಟೀನಿಗೆ ಹೋಗಿ ಬರುವಷ್ಟರಲ್ಲಿ ಕೆಂಪು: ‘ಹೆಲ್ತ್ ಚೆಕ್ ವಿಫಲ’. ಯಾವ ಹೆಲ್ತು, ಯಾವ ಚೆಕ್ಕು, ಯಾಕೆ ವಿಫಲ ಎಂಬ ಒಂದಕ್ಷರವಿಲ್ಲ. ನಿಜದ ಕಾರಣ ಎಷ್ಟೋ ಸಲ ಇದೇ ಇರುತ್ತದೆ: ಆಪು 127.0.0.1 ಎಂಬ ತನ್ನದೇ ಒಳಮನೆಯ ವಿಳಾಸದಲ್ಲಿ ಮಾತ್ರ ಕಿವಿ ತೆರೆದು ಕೂತಿದೆ, ಹೊರಗಿನಿಂದ ಎಷ್ಟು ಬಾಗಿಲು ತಟ್ಟಿದರೂ ಅದಕ್ಕೆ ಕೇಳಿಸದು. 0.0.0.0 ಎಂದು ಬದಲಿಸಿದರೆ ಮುಗಿಯಿತು. ಈ ಒಂದು ವಾಕ್ಯವನ್ನು ಆ ಕೆಂಪು ಪಟ್ಟಿಯ ಕೆಳಗೆ ಬರೆಯಲು ಪ್ಲಾಟ್‌ಫಾರ್ಮ್ ತಂಡಕ್ಕೆ ಅರ್ಧ ಗಂಟೆ ಸಾಕು. ಬರೆಯದೆ ಉಳಿಸಿದ ಆ ಅರ್ಧ ಗಂಟೆಗೆ ಬಡ್ಡಿಯಾಗಿ ಪ್ರತಿ ಹೊಸ ಡೆವಲಪರ್ ಒಂದು ಸಂಜೆ ಕಟ್ಟುತ್ತಾನೆ.

ಬುಡದಲ್ಲೇ ನಿಲ್ಲಿಸಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಹೊಸದೇನಲ್ಲ. ಹೆರೋಕುವಿನ ಆಡಂ ವಿಗಿನ್ಸ್ 2011ರಲ್ಲೇ ಹನ್ನೆರಡು ಅಂಶಗಳಾಗಿ ಬರೆದಿಟ್ಟಿದ್ದಾರೆ. ಪಾಸ್‌ವರ್ಡನ್ನು ಕೋಡಿನಲ್ಲಿ ಹೂಳಬೇಡಿ, ಪರಿಸರದ ವೇರಿಯಬಲ್‌ನಿಂದ ತೆಗೆದುಕೊಳ್ಳಿ. ಲಾಗನ್ನು ಫೈಲಿಗೆ ಬರೆದು ಬಚ್ಚಿಡಬೇಡಿ, ಸುಮ್ಮನೆ ಹೊರಗೆ ಚೆಲ್ಲಿ, ಹಿಡಿದುಕೊಳ್ಳುವವರು ಬೇರೆ ಇದ್ದಾರೆ. ಬಳಕೆದಾರ ಅಪ್‌ಲೋಡ್ ಮಾಡಿದ ಆಧಾರ್ ಪ್ರತಿಯನ್ನು ಕಂಟೇನರಿನ ಡಿಸ್ಕಿನಲ್ಲಿ ಇಡಬೇಡಿ, ಮುಂದಿನ ರೀಸ್ಟಾರ್ಟಿಗೆ ಅದು ಇರುವುದಿಲ್ಲ. ಕೊನೆಯದನ್ನು ಯಾರೂ ನಂಬುವುದಿಲ್ಲ. ಒಮ್ಮೆ ಅನುಭವಿಸಿದ ಮೇಲೆ ಎಲ್ಲರೂ ಪ್ರಚಾರಕರಾಗುತ್ತಾರೆ.

ಇನ್ನು ರಸ್ತೆಯ ಸಂಖ್ಯೆ. ಒಂದೇ ಇರಲಿ. ಒಂದು ತಂಡಕ್ಕೆ ಜಾವಾ, ಮತ್ತೊಂದಕ್ಕೆ ಪೈಥಾನ್, ಮೂರನೆಯದಕ್ಕೆ ಯಾರೋ ವಾರಾಂತ್ಯದಲ್ಲಿ ಕಲಿತ ರಸ್ಟ್, ನಾಲ್ಕನೆಯದಕ್ಕೆ ನಿವೃತ್ತರಾದವರು ಬಿಟ್ಟುಹೋದ ಪರ್ಲ್. ಎಲ್ಲರನ್ನೂ ಮೆಚ್ಚಿಸಲು ನಾಲ್ಕು ಘಾಟಿ ಕಡಿಯಲು ಹೊರಟರೆ ಒಂದಕ್ಕೂ ತಡೆಗೋಡೆ ಕಟ್ಟುವ ದುಡ್ಡು ಉಳಿಯದು. ನೆಟ್‌ಫ್ಲಿಕ್ಸ್‌ನವರು ಡಾಂಬರು ರಸ್ತೆ ಎಂದರು, ಸ್ಪಾಟಿಫೈಯವರು ಬಂಗಾರದ ದಾರಿ ಎಂದರು. ಇಬ್ಬರ ಮಾತಿನ ತಿರುಳು ಒಂದೇ: ಈ ದಾರಿಯಲ್ಲಿ ಬಂದರೆ ನಾವಿದ್ದೇವೆ, ಕಾಡಿಗಿಳಿದರೆ ಅಡ್ಡಿಯಿಲ್ಲ, ಆದರೆ ಕೆಟ್ಟು ನಿಂತಾಗ ಜಾಕ್ ನೀವೇ ತರಬೇಕು.

ಭಾರದ ಮಿತಿ

ದಿಂಬಂನಲ್ಲಿ 16.2 ಟನ್ನಿಗಿಂತ ಹೆಚ್ಚು ಭಾರದ ಲಾರಿಗಳಿಗೆ ನಿರ್ಬಂಧವಿದೆ. ಈ ಸಂಖ್ಯೆ ಕೇಳಿದವರಿಗೆ ಅದು ಲಾರಿಯ ಒಳ್ಳೆಯದಕ್ಕೆ ಮಾಡಿದ ನಿಯಮ ಎನ್ನಿಸುತ್ತದೆ. ಅಲ್ಲ. ಹೆಚ್ಚು ಹೇರಿದ ಲಾರಿ ಹೇರ್‌ಪಿನ್ ತಿರುವಿನಲ್ಲಿ ಆಕ್ಸಲ್ ಮುರಿದುಕೊಂಡು ಅಡ್ಡ ನಿಂತರೆ ಅದರ ಮಾಲೀಕನಿಗೆ ಒಂದು ದಿನದ ನಷ್ಟ. ಹಿಂದೆ ನಿಂತ ಬಸ್ಸಿನಲ್ಲಿ ಕೊಯಮತ್ತೂರಿನ ಆಸ್ಪತ್ರೆಗೆ ಹೊರಟವರಿದ್ದಾರೆ, ಟೊಮ್ಯಾಟೊ ಹೇರಿಕೊಂಡ ಪಿಕಪ್ ಇದೆ, ಮಂಜು ಇಳಿಯುತ್ತಿದೆ, ಕಾಡಿನ ನಡುವೆ ಗಂಟೆಗಟ್ಟಲೆ ಎಂಜಿನ್ ಆರಿಸಿ ಕೂರಬೇಕು. ಮಿತಿ ಇರುವುದು ಹಿಂದಿನವರಿಗಾಗಿ.

ಕುಬರ್ನೆಟೀಸ್‌ನಲ್ಲೂ ಒಂದೊಂದು ಆಪಿಗೂ ಎರಡು ಸಂಖ್ಯೆ ಬರೆಯಬಹುದು: ನನಗೆ ಇಷ್ಟು ಮೆಮೊರಿ ಬೇಕು ಎಂಬುದೊಂದು, ಇದಕ್ಕಿಂತ ಹೆಚ್ಚು ತಿಂದರೆ ನನ್ನನ್ನು ನಿಲ್ಲಿಸಿ ಎಂಬುದಿನ್ನೊಂದು. ಬರೆಯದಿದ್ದರೂ ಆಪು ಓಡುತ್ತದೆ, ಅದೇ ಅಪಾಯ. ತಿಂಗಳ ಕೊನೆಯ ದಿನ ಹಣಕಾಸು ವಿಭಾಗದ ಯಾರೋ ಒಂದು ವರದಿಯ ಗುಂಡಿ ಒತ್ತುತ್ತಾರೆ. ಆ ವರದಿ ಹತ್ತು ವರ್ಷದ ವೋಚರುಗಳನ್ನೆಲ್ಲ ಒಂದೇ ಉಸಿರಿಗೆ ಮೆಮೊರಿಗೆ ಎಳೆದುಕೊಳ್ಳುತ್ತದೆ. ಅದೇ ಸರ್ವರಿನ ಮೇಲಿದ್ದ ಸಂಬಳದ ಆಪು ಉಸಿರುಗಟ್ಟಿ ಸಾಯುತ್ತದೆ. ತಿಂಗಳ ಕೊನೆಯ ದಿನ ಸಂಬಳದ ಆಪು ಸತ್ತರೆ ಬರುವ ಫೋನುಗಳ ಬಗ್ಗೆ ಈ ಕೈಪಿಡಿಯಲ್ಲಿ ಬರೆಯಲು ಸಭ್ಯತೆ ಅಡ್ಡಬರುತ್ತದೆ.

ಮಿತಿ ಹಾಕಿದಿರಿ ಎನ್ನೋಣ. ಈಗ ವರದಿಯ ಆಪು ಒಂದೇ ಸಾಯುತ್ತದೆ, ಉಳಿದವರು ಕ್ಷೇಮ. ಆದರೆ ಸತ್ತದ್ದರ ಹಣೆಯ ಮೇಲೆ ‘137’ ಎಂದಷ್ಟೇ ಬರೆದಿರುತ್ತದೆ. 128ಕ್ಕೆ 9 ಕೂಡಿಸಿದರೆ 137, ಒಂಬತ್ತನೆಯ ಸಿಗ್ನಲ್ ಎಂದರೆ ಕೊಲ್ಲು ಎಂಬ ಆಜ್ಞೆ, ಇಲ್ಲಿ ಅದನ್ನು ಹೊರಡಿಸಿದ್ದು ಮೆಮೊರಿ ಕಾಯುವ ಕರ್ನಲ್. ಇದು ನಿಮಗೆ ಗೊತ್ತು, ಏಕೆಂದರೆ ನಿಮಗೆ ಬೇರೆ ಕೆಲಸವಿಲ್ಲ. ಡೆವಲಪರಿಗೆ ಗೊತ್ತಿರಬೇಕಾಗಿಲ್ಲ. ಅವನು ಬರೆಯುವುದು ಇಷ್ಟೇ: ‘ಬ್ರೋ, ಆಪು ಸತ್ತೋಗಿದೆ, ಸ್ವಲ್ಪ ನೋಡ್ತೀರಾ?’ ನೀವು ಉತ್ತರಿಸುವುದು: ‘ಟಿಕೆಟ್ ಹಾಕಿ.’ ಟಿಕೆಟ್ಟಿನಲ್ಲಿ ಆದ್ಯತೆ ಮೂರು, ವಿಭಾಗ ಇತರೆ. ಎರಡು ದಿನ ಬಿಟ್ಟು ನೀವು ಅಲ್ಲಿ ಬರೆಯುವುದು ಒಂದೇ ಸಾಲು: ‘ಮೆಮೊರಿ ಹೆಚ್ಚಿಸಿ.’ ಈ ಇಡೀ ಪುರಾಣದ ಬದಲು ಪರದೆಯ ಮೇಲೆ ‘ನಿಮ್ಮ ಆಪಿಗೆ 512 ಎಂಬಿ ಮಿತಿ ಇತ್ತು, 4 ಗಂಟೆ 12 ನಿಮಿಷಕ್ಕೆ ಅದನ್ನು ಮುಟ್ಟಿತು, ಅದಕ್ಕೆ ನಿಲ್ಲಿಸಿದೆವು, ಮಿತಿ ಬದಲಿಸುವುದು ಇಲ್ಲಿ’ ಎಂದು ತೋರಿಸಿದ್ದರೆ ಬ್ರೋ ಎನ್ನುವ ಪ್ರಸಂಗವೇ ಬರುತ್ತಿರಲಿಲ್ಲ.

ಇದರ ಉಲ್ಟಾ ರೋಗವೂ ಇದೆ, ಅದು ಹೆಚ್ಚು ದುಬಾರಿ. ಒಮ್ಮೆ 137 ಕಂಡವನು ಮುಂದೆ ಹೆದರಿ 8 ಜಿಬಿ ಕೇಳುತ್ತಾನೆ. ಆಪು ತಿನ್ನುವುದು 600 ಎಂಬಿ. ಹಾಗೆ ಮೂವತ್ತು ತಂಡಗಳು ಕೇಳಿದ ಮೇಲೆ ನಿಮ್ಮ ಸರ್ವರುಗಳು ಕಾಗದದ ಮೇಲೆ ತುಂಬಿ ತುಳುಕುತ್ತವೆ, ಒಳಗೆ ಖಾಲಿ. ಹೊಸ ಯಂತ್ರ ಕೊಳ್ಳಲು ನೀವು ಅರ್ಜಿ ಹಾಕುತ್ತೀರಿ, ಅದು ಮಂಜೂರೂ ಆಗುತ್ತದೆ. ಇದಕ್ಕೆ ಭಾಷಣದಿಂದ ಮದ್ದಿಲ್ಲ. ಪ್ರತಿ ತಿಂಗಳು ಪ್ರತಿ ತಂಡಕ್ಕೆ ಒಂದು ಬಿಲ್ಲು ಕಳಿಸಿ: ಕೇಳಿದ್ದು ಇಷ್ಟು, ಬಳಸಿದ್ದು ಇಷ್ಟು, ರೂಪಾಯಿಯಲ್ಲಿ ಇಷ್ಟು. ವಸೂಲಿ ಮಾಡಬೇಕಾಗಿಲ್ಲ. ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಎಲ್ಲರಿಗೂ ಒಂದೇ ಇಮೇಲಿನಲ್ಲಿ ಹೋಗಲಿ. ಮೊದಲ ಸಾಲಿನಲ್ಲಿ ಹೆಸರು ಬಂದ ಮ್ಯಾನೇಜರ್ ಮುಂದಿನ ಸೋಮವಾರದೊಳಗೆ ತಾನೇ ಇಳಿಸಿರುತ್ತಾನೆ.

ಆನೆ

ಚಾಮರಾಜನಗರ, ತಾಳವಾಡಿ ಕಡೆಯ ಕಬ್ಬು ಸತ್ಯಮಂಗಲದ ಸಕ್ಕರೆ ಕಾರ್ಖಾನೆಗೆ ಈ ರಸ್ತೆಯಲ್ಲೇ ಇಳಿಯುವುದು. ಹಾಸನೂರು, ಕಾರಪಳ್ಳಂ ಆಸುಪಾಸಿನ ಆನೆಗಳಿಗೆ ಅದು ಚೆನ್ನಾಗಿ ಗೊತ್ತು. ಹೆದ್ದಾರಿಯ ಪಕ್ಕ ಬಂದು ನಿಂತು, ಲಾರಿ ನಿಧಾನಿಸಿದಾಗ ಸೊಂಡಿಲು ಚಾಚಿ ಎಳೆದುಕೊಳ್ಳುತ್ತವೆ. ಕೆಲವು ಡ್ರೈವರುಗಳು ಭಯಕ್ಕೋ ಭಕ್ತಿಗೋ ಒಂದು ಕಂತೆ ತಾವೇ ಎಸೆಯುತ್ತಾರೆ. ಹಾಗೆ ಎಸೆಯಬೇಡಿ ಎಂದು ಅರಣ್ಯ ಇಲಾಖೆ ಹೇಳುತ್ತಲೇ ಇದೆ. ಎಸೆದವನು ದಾಟಿ ಹೋಗುತ್ತಾನೆ, ಅಭ್ಯಾಸವಾದ ಆನೆ ರಸ್ತೆಯಲ್ಲೇ ಉಳಿಯುತ್ತದೆ, ಮುಂದಿನ ಲಾರಿಗಾಗಿ, ಅದರ ಹಿಂದಿನ ಬೈಕಿಗಾಗಿ.

ಪ್ರತಿ ಕಂಪನಿಯಲ್ಲೂ ದೊಡ್ಡ ಹುದ್ದೆಯ ಒಬ್ಬರಿರುತ್ತಾರೆ. ಅವರ ಆಪಿಗೆ ಪಟ್ಟಿಯಲ್ಲಿಲ್ಲದ ಡೇಟಾಬೇಸ್ ಬೇಕು, ಪ್ರೊಡಕ್ಷನ್ ಸರ್ವರಿಗೆ ನೇರ ಲಾಗಿನ್ ಬೇಕು, ಪರೀಕ್ಷೆಯಿಲ್ಲದೆ ಇವತ್ತೇ ಮೇಲೆ ಹೋಗಬೇಕು. ‘ಇದೊಂದು ಸಲ’ ಎನ್ನುತ್ತಾರೆ. ಸರಿ, ಇದೊಂದು ಸಲ ಎಂದು ನೀವು ಕೈಯಾರೆ ಮಾಡಿಕೊಟ್ಟಿರಿ. ಅದು ಎಲ್ಲೂ ದಾಖಲಾಗಲಿಲ್ಲ, ಸ್ಕ್ರಿಪ್ಟಿನಲ್ಲಿಲ್ಲ, ಮುಂದಿನ ಅಪ್‌ಗ್ರೇಡಿನಲ್ಲಿ ಅಳಿಸಿಹೋಗುತ್ತದೆ, ಆಗ ತಪ್ಪು ನಿಮ್ಮದು. ಅಷ್ಟರಲ್ಲಿ ಸುದ್ದಿ ಹಬ್ಬಿ ಇನ್ನಿಬ್ಬರು ಬಂದು ನಿಂತಿರುತ್ತಾರೆ.

ದೊಡ್ಡವರನ್ನು ಬರಿಗೈಲಿ ಕಳಿಸಿ ಎಂದು ನಾವು ಹೇಳುತ್ತಿಲ್ಲ, ನಮಗೂ ಸಂಸಾರವಿದೆ. ಕಂತೆ ಎಸೆಯಬೇಡಿ ಎನ್ನುತ್ತಿದ್ದೇವೆ. ಅವರಿಗೆ ಬೇಕಾದ್ದು ನ್ಯಾಯವೆನಿಸಿದರೆ ಅದನ್ನು ಎಲ್ಲರ ಪಟ್ಟಿಗೇ ಸೇರಿಸಿ, ತಡವಾದರೂ ಸರಿ. ನ್ಯಾಯವೆನಿಸದಿದ್ದರೆ ವಿನಾಯಿತಿಯ ಮೇಲೆ ಅವರ ಹೆಸರು, ಮುಗಿಯುವ ತಾರೀಖು ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ತಾರೀಖು ಬರೆಯುವ ಹೊತ್ತಿಗೆ ಅರ್ಧ ಬೇಡಿಕೆಗಳು ತಾವಾಗಿ ಕಾಡಿಗೆ ಹಿಂದಿರುಗುವುದನ್ನು ಕಾಣುವಿರಿ.

ರಾತ್ರಿ ಸಂಚಾರ

2013ರಲ್ಲಿ ಸತ್ಯಮಂಗಲ ಹುಲಿ ರಕ್ಷಿತಾರಣ್ಯವಾಯಿತು. ಅದರ ನಡುವಿನ ಹೆದ್ದಾರಿಯಲ್ಲಿ ಚಿರತೆ, ಜಿಂಕೆ, ಕಡವೆ ಗಾಡಿಗೆ ಸಿಕ್ಕಿ ಸಾಯುತ್ತಿದ್ದವು. ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ 2022ರ ಫೆಬ್ರುವರಿ 10ರಿಂದ ರಾತ್ರಿ ಸಂಚಾರಕ್ಕೆ ತಡೆ ಬಿತ್ತು: ಭಾರಿ ಗಾಡಿಗಳಿಗೆ ಸಂಜೆ ಆರರಿಂದ, ಹಗುರ ಗಾಡಿಗಳಿಗೆ ರಾತ್ರಿ ಒಂಬತ್ತರಿಂದ, ಬೆಳಿಗ್ಗೆ ಆರರ ತನಕ. ಕಾರಣ ಸರಿಯಾಗಿತ್ತು. ಆದರೆ ಘಾಟಿಯ ಮೇಲಿನ ತಾಳವಾಡಿ ಬೆಟ್ಟದವರು ಬೀದಿಗಿಳಿದರು. ಮನೆಯಲ್ಲಿ ಕನ್ನಡ ಆಡಿದರೂ ಅವರ ಜಿಲ್ಲಾ ಕಚೇರಿ ಇರುವುದು ಈರೋಡಿನಲ್ಲಿ, ತರಕಾರಿ ಇಳಿಯಬೇಕಾದದ್ದು ತಮಿಳುನಾಡಿನ ಮಾರುಕಟ್ಟೆಗೆ, ಎರಡಕ್ಕೂ ದಾರಿ ದಿಂಬಂ. ಕೊಯಮತ್ತೂರಿನಿಂದ ಬೆಂಗಳೂರಿಗೆ ಹಾದುಹೋಗುವ ಕಂಟೇನರ್ ಲಾರಿಗೆ ಅದೊಂದು ದಾರಿ, ಇವರಿಗೆ ಮನೆಯ ಮೆಟ್ಟಿಲು. ನಿಯಮ ಬರೆದಾಗ ಇವರಿಬ್ಬರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ್ದೇ ಜಗಳಕ್ಕೆ ಮೂಲ. ಆಮೇಲೆ ಸ್ಥಳೀಯರಿಗೆ ಸಡಿಲಿಕೆ ಕೊಡಬೇಕಾಯಿತು.

ಪ್ಲಾಟ್‌ಫಾರ್ಮ್ ನಡೆಸುವವರಿಗೂ ಇಂಥದೊಂದು ಪ್ರಿಯವಾದ ನಿಯಮವಿದೆ: ಶುಕ್ರವಾರ ಮಧ್ಯಾಹ್ನದ ಮೇಲೆ ಡೆಪ್ಲಾಯ್ ಇಲ್ಲ. ಶನಿವಾರ ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದವರಿಗೆ ಈ ನಿಯಮದ ಬೆಲೆ ಗೊತ್ತು, ನಾವೂ ಅದರ ಪಕ್ಷದವರೇ. ಆದರೆ 2021ರ ಡಿಸೆಂಬರ್ 10 ಶುಕ್ರವಾರ. ಜಾವಾ ಆಪುಗಳಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಇರುವ ಲಾಗ್4ಜೆ ಎಂಬ ಲಾಗ್ ಬರೆಯುವ ಲೈಬ್ರರಿಯಲ್ಲಿ ತೂತು ಇದೆ, ಒಂದು ಸಾಲು ಪಠ್ಯ ಕಳಿಸಿ ಸರ್ವರನ್ನೇ ವಶಮಾಡಿಕೊಳ್ಳಬಹುದು ಎಂದು ಜಗತ್ತಿಗೆಲ್ಲ ಗೊತ್ತಾದದ್ದು ಆ ದಿನ. ಅಂಥ ದಿನ ‘ಸೋಮವಾರ ಬನ್ನಿ’ ಎನ್ನುವ ಗೇಟು ಯಾವ ಕೆಲಸಕ್ಕೆ ಬಂತು? ಘಾಟಿಯಲ್ಲಿ ಆಂಬುಲೆನ್ಸಿಗೆ ಯಾವ ಹೊತ್ತಿಗೂ ದಾರಿಯಿದೆ. ನಿಮ್ಮಲ್ಲೂ ಇರತಕ್ಕದ್ದು, ಮತ್ತು ಆ ದಾರಿಯಲ್ಲಿ ಯಾರು ಯಾವಾಗ ಹೋದರೆಂದು ತಾನಾಗಿ ದಾಖಲಾಗತಕ್ಕದ್ದು.

ಸ್ವಂತ ಪ್ಲಾಟ್‌ಫಾರ್ಮಿನ ನಿಜವಾದ ಬೆಲೆ ಅಂಥ ಶುಕ್ರವಾರಗಳಲ್ಲೇ ತಿಳಿಯುವುದು. ಒಂದೊಂದು ತಂಡ ಒಂದೊಂದು ರೀತಿಯಲ್ಲಿ ಸರ್ವರ್ ಕಟ್ಟಿಕೊಂಡಿದ್ದ ಕಡೆ, ಆ ಲೈಬ್ರರಿ ನಮ್ಮಲ್ಲಿ ಎಲ್ಲೆಲ್ಲಿದೆ ಎಂದು ಎಕ್ಸೆಲ್ ಹಾಳೆ ಸುತ್ತಿಸಿ ಕೇಳಿಕೊಂಡು ಬರಲು ವಾರಗಳು ಬೇಕಾದವು. ಎಲ್ಲ ಆಪುಗಳೂ ಒಂದೇ ಬಾಗಿಲಿನಿಂದ ಒಳಗೆ ಬಂದಿದ್ದ ಕಡೆ ಪ್ರಶ್ನೆಯನ್ನು ಒಂದೇ ಕಡೆ ಕೇಳಿ, ಉತ್ತರ ಪಡೆದು, ಸರದಿಯಂತೆ ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡಬಹುದಿತ್ತು. ಮುಂದಿನ ಬಾರಿ ಬಜೆಟ್ ಕೇಳುವಾಗ ಹೇಳಬೇಕಾದ ವಾದ ಇದು. ಡೆವಲಪರ್‌ಗಳ ಸಂತೋಷದ ವಾದ ಹಣಕಾಸು ವಿಭಾಗದಲ್ಲಿ ನಡೆಯದು.

ದೋಷ ನಿವಾರಣೆ

ಲಕ್ಷಣ: ನಿಮ್ಮ ಪರದೆಯಲ್ಲಿ ಎಲ್ಲ ಹಸಿರು, ಬಳಕೆದಾರರ ಮುಖ ಕೆಂಪು. ಕಾರಣ: ಆಪು ಜೀವಂತವಿದೆಯೇ ಎಂದು ನೋಡುತ್ತಿದ್ದೀರಿ, ಕೆಲಸ ಮಾಡುತ್ತಿದೆಯೇ ಎಂದು ನೋಡುತ್ತಿಲ್ಲ. ಡೇಟಾಬೇಸ್ ಸಂಪರ್ಕ ಕಡಿದುಹೋದ ಆಪು ‘ನಾನಿದ್ದೇನೆ’ ಎಂದು ಕೇಳಿದಾಗಲೆಲ್ಲ ಓಗೊಡುತ್ತದೆ.

ಲಕ್ಷಣ: ಬ್ಯಾಕಪ್ ಪ್ರತಿ ರಾತ್ರಿ ಯಶಸ್ವಿ. ಕಾರಣ: ಯಾರೂ ಅದರಿಂದ ಏನನ್ನೂ ವಾಪಸು ತೆಗೆದು ನೋಡಿಲ್ಲ. ಒಮ್ಮೆ ತೆಗೆದು ನೋಡಿ, ಕಛೇರಿಯ ಸಮಯದಲ್ಲಿ, ಧೈರ್ಯವಿರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಲಕ್ಷಣ: ಟಿಕೆಟ್ಟುಗಳೇ ಬರುತ್ತಿಲ್ಲ, ಪ್ಲಾಟ್‌ಫಾರ್ಮ್ ಬಹಳ ಶಾಂತವಾಗಿದೆ. ಇದು ಅತ್ಯಂತ ಗಂಭೀರ ದೋಷ. ದಿಂಬಂ ಮುಚ್ಚಿದರೆ ಕೊಳ್ಳೇಗಾಲ, ಹನೂರು, ಬರ್ಗೂರು ಬೆಟ್ಟ ಹಾದು ಅಂದಿಯೂರಿಗೆ ಇಳಿಯುವ ದಾರಿ ಇದ್ದೇ ಇದೆ. ಡ್ರೈವರಿಗೆ ಅದನ್ನು ನೀವು ಹೇಳಿಕೊಡಬೇಕಾಗಿಲ್ಲ. ಹಾಗೆಯೇ ನಿಮ್ಮ ಡೆವಲಪರ್ ತನ್ನ ಮ್ಯಾನೇಜರಿನ ಕ್ರೆಡಿಟ್ ಕಾರ್ಡಿನಲ್ಲಿ ಹೊರಗಿನ ಕ್ಲೌಡಿನಲ್ಲಿ ಒಂದು ಖಾತೆ ತೆರೆದು, ಬಿಲ್ಲನ್ನು ‘ತರಬೇತಿ ವೆಚ್ಚ’ದಲ್ಲಿ ತೋರಿಸುತ್ತಿದ್ದಾನೆ. ಅವನನ್ನು ಹಿಡಿದು ಶಿಕ್ಷಿಸುವ ಮೊದಲು ಟೀ ಕುಡಿಸಿ, ಅಲ್ಲಿ ಏನು ಸುಲಭವಾಯಿತೆಂದು ಕೇಳಿ ಬರೆದುಕೊಳ್ಳಿ. ನಿಮ್ಮ ಮುಂದಿನ ಆರು ತಿಂಗಳ ಕೆಲಸದ ಪಟ್ಟಿ ಅದೇ.

ಲಕ್ಷಣ: ದೊಡ್ಡದೊಂದು ಅವಘಡವಾಗಿ ವಿಮರ್ಶೆಯ ಮೀಟಿಂಗ್ ಕರೆದಿದ್ದಾರೆ. ಇದಕ್ಕೂ ಪಾಠ ಆ ಬೆಟ್ಟದಲ್ಲೇ ಇದೆ. ತಾಳವಾಡಿ ಬಳಿಯ ಗುಮಟಾಪುರದಲ್ಲಿ ದೀಪಾವಳಿಯ ಬಲಿಪಾಡ್ಯಮಿ ಕಳೆದ ಮೇಲೆ ಗೋರೆ ಹಬ್ಬ ನಡೆಯುತ್ತದೆ. ಊರಿನ ಗಂಡಸರೆಲ್ಲ ಸಗಣಿಯ ಗುಡ್ಡೆಗೆ ಇಳಿದು ಒಬ್ಬರಿಗೊಬ್ಬರು ಎರಚಾಡಿ, ನಕ್ಕು, ಮಿಂದು ಮನೆಗೆ ಹೋಗುತ್ತಾರೆ, ದ್ವೇಷ ಉಳಿಯುವುದಿಲ್ಲ. ನಿಮ್ಮ ಮೀಟಿಂಗಿನಲ್ಲಿ ಎರಚಾಟ ಮಾತ್ರ ಅಲ್ಲಿಯದು, ಮೀಯುವ ಭಾಗವನ್ನು ಕೈಬಿಟ್ಟಿರುತ್ತಾರೆ. ಆ ಹಬ್ಬದಲ್ಲಿ ಚಾಡಿಕೋರನ ವೇಷದವನನ್ನು ಕತ್ತೆಯ ಮೇಲೆ ಮೆರೆಸಿ ಅವನ ಗೊಂಬೆಯನ್ನು ಸುಡುವ ಆಚರಣೆಯೂ ಉಂಟು. ಹಬ್ಬದಲ್ಲಿ ಸರಿ. ಕಛೇರಿಯಲ್ಲಿ ‘ರಾತ್ರಿ ಎರಡಕ್ಕೇ ಎಚ್ಚರಿಕೆ ಬಂದಿತ್ತು, ನಾನು ನೋಡಿ ಮಲಗಿದೆ’ ಎಂದು ಬಾಯಿಬಿಟ್ಟವನನ್ನು ಸುಟ್ಟರೆ ಮುಂದಿನ ಸಲ ಯಾರೂ ಬಾಯಿಬಿಡುವುದಿಲ್ಲ, ಎಚ್ಚರಿಕೆ ಎರಡು ಗಂಟೆಗೇ ಬಂದಿತ್ತೆಂಬುದು ನಿಮಗೆ ಎಂದೂ ತಿಳಿಯುವುದಿಲ್ಲ. ಆ ಎಚ್ಚರಿಕೆ ಅಂದು ನೂರನೆಯದಾಗಿತ್ತು, ಉಳಿದ ತೊಂಬತ್ತೊಂಬತ್ತು ಸುಳ್ಳಾಗಿದ್ದವು ಎಂಬುದೂ ತಿಳಿಯುವುದಿಲ್ಲ. ಸರಿಪಡಿಸಬೇಕಾದದ್ದು ಆ ತೊಂಬತ್ತೊಂಬತ್ತನ್ನು.

ಖಾತರಿ

ಈ ಪ್ಲಾಟ್‌ಫಾರ್ಮಿಗೆ ಯಾವ ಖಾತರಿಯೂ ಇಲ್ಲ. ಅದನ್ನು ಕಟ್ಟಿದವರು ಕಂಪನಿ ಬಿಟ್ಟ ದಿನದಿಂದ ಇದ್ದ ಖಾತರಿಯೂ ರದ್ದು. ನೀವೂ ಒಂದು ದಿನ ಬಿಡುವವರೇ ಆದ್ದರಿಂದ, ಕೈಯಾರೆ ಮಾಡಿದ್ದನ್ನೆಲ್ಲ ಇವತ್ತೇ ಬರೆದಿಡಿ.

ಕೊನೆಯದಾಗಿ, ನಿಮ್ಮಲ್ಲಿ ಡೆವಲಪರ್‌ಗಳು ಹತ್ತು ಮಂದಿಯ ಒಳಗಿದ್ದರೆ ಈ ಕೈಪಿಡಿಯ ಒಂದು ನಿಯಮವೂ ನಿಮಗೆ ಬೇಡ. ಒಂದು ಸರ್ವರ್ ಬಾಡಿಗೆಗೆ ಹಿಡಿಯಿರಿ, ಡೊಕ್ಕು ಹಾಕಿ, ಬ್ಯಾಕಪ್ಪನ್ನು ಒಮ್ಮೆ ವಾಪಸು ತೆಗೆದು ನೋಡಿ. ಮೀಟಿಂಗಿನಲ್ಲಿ ಯಾರಾದರೂ ‘ನಮಗೂ ಒಂದು ಕುಬರ್ನೆಟೀಸ್ ಬೇಕು’ ಎಂದರೆ ತಲೆ ತಗ್ಗಿಸಿಕೊಂಡೇ ಇರಿ.